ಒಮಾನ್‌ನ ಕಪ್ಪು ಬೆಟ್ಟಗಳು ಹುಟ್ಟಿದ್ದೆಲ್ಲಿ?

ಮಸ್ಕತ್‌ನಿಂದ ನಿಝ್ವಾಕ್ಕೆ ಹೋಗುವ ದಾರಿಯಲ್ಲಿ ಸಮಾಇಲ್ ಕಣಿವೆ ಸಿಗುತ್ತದೆ. ಇಕ್ಕೆಲಗಳಲ್ಲಿ ಹಸಿರಿನ ಸುಳಿವಿಲ್ಲದ ಕಂದುಗಪ್ಪು ಗುಡ್ಡಗಳು. ನಮ್ಮ ಕರಾವಳಿಯಿಂದ ಅಲ್ಲಿಗೆ ದುಡಿಯಲು ಹೋದವರಿಗೆ ಈ ನೋಟ ಹೊಸತೇನಲ್ಲ. ಆದರೆ ಇವು ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದವು ಎಂದರೆ ಎಷ್ಟು ಮಂದಿ ನಂಬುತ್ತಾರೆ? ತಳ ಮಾತ್ರವಲ್ಲ, ಅದರಡಿ ಕಿಲೋಮೀಟರುಗಟ್ಟಲೆ ಆಳದಲ್ಲಿದ್ದ ಬಂಡೆಯೂ ಇಲ್ಲಿ ಬಿಸಿಲಿಗೆ ಬಿದ್ದಿದೆ.

ಇಂತಹ ಶಿಲಾಸಮೂಹವನ್ನು ಓಫಿಯೋಲೈಟ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಓಫಿಸ್' ಎಂದರೆ ಹಾವು. ನೀರು ಸೇರಿದಾಗ ಈ ಬಂಡೆ ಹಾವಿನ ಚರ್ಮದಂತೆ ಹಸಿರು ಮಚ್ಚೆಗಳನ್ನು ಪಡೆಯುವುದರಿಂದ ಈ ಹೆಸರು. ಒಮಾನ್‌ನ ಓಫಿಯೋಲೈಟ್ ಸುಮಾರು 500 ಕಿ.ಮೀ. ಉದ್ದ ಹಬ್ಬಿದೆ, ವಯಸ್ಸು ಸುಮಾರು 9.6 ಕೋಟಿ ವರ್ಷ. ಕೆಳಗೆ ಭೂಗರ್ಭದ ಪೆರಿಡೊಟೈಟ್, ಅದರ ಮೇಲೆ ಗ್ಯಾಬ್ರೊ, ತುದಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಲಾವಾ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಹೀಗೆ ಉರುಟಾಗಿ ಗಟ್ಟಿಯಾಗುತ್ತದೆ. ಸೊಹಾರ್ ಬಳಿಯ ವಾದಿ ಜಿಝ್ಝಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಆ ಭಾಗದ ತಾಮ್ರದ ಗಣಿಗಳಿರುವುದೂ ಇದೇ ಲಾವಾ ಬಂಡೆಗಳಲ್ಲಿ.

ಸಮುದ್ರತಳವೇನೋ ಸರಿ, ಯಾವ ಸಮುದ್ರತಳ? ಜಗಳ ಇರುವುದು ಇಲ್ಲಿಯೇ. ಸಾಗರದ ನಡುವೆ ಭೂಫಲಕಗಳು ಬೇರ್ಪಡುವಲ್ಲಿ ಹೊಸ ತಳ ಹುಟ್ಟುತ್ತದೆ. ಓಫಿಯೋಲೈಟ್‌ಗಳೂ ಅಲ್ಲಿಯವೇ ಎಂದು ಬಹುಮಂದಿ ನಂಬಿದ್ದರು. 1973ರಲ್ಲಿ ಜಪಾನಿನ ಅಕಿಹೊ ಮಿಯಾಶಿರೊ, ಸೈಪ್ರಸ್‌ನ ಟ್ರೂಡೋಸ್ ಓಫಿಯೋಲೈಟ್ ಬಹುಶಃ ದ್ವೀಪಮಾಲೆಯೊಂದರಲ್ಲಿ ಹುಟ್ಟಿದ್ದು ಎಂದು ಬರೆದರು. ದೊಡ್ಡ ಗದ್ದಲವೇ ಎದ್ದಿತು. ಆದರೆ ಅವರು ಕೇಳಿದ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ.

ದ್ವೀಪಮಾಲೆ ಹುಟ್ಟುವ ಬಗೆ ಹೀಗೆ: ಒಂದು ಫಲಕ ಇನ್ನೊಂದರ ಅಡಿಗೆ ಜಾರುತ್ತದೆ. ಜಾರುವಾಗ ತನ್ನೊಡನೆ ನೀರನ್ನೂ ಒಯ್ಯುತ್ತದೆ. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಬೇಗ ಕರಗುವುದಿಲ್ಲವೇ? ಹಾಗೆಯೇ ನೀರು ಸೋಕಿದ ಬಿಸಿ ಬಂಡೆಯೂ ಕಡಿಮೆ ಶಾಖಕ್ಕೇ ಕರಗುತ್ತದೆ. ಆ ಲಾವಾದಲ್ಲಿ ಥೋರಿಯಂ ಹೆಚ್ಚು, ನಿಯೋಬಿಯಂ ಕಡಿಮೆ. ಎಷ್ಟು ಕೋಟಿ ವರ್ಷ ಕಳೆದರೂ ಈ ಗುರುತು ಅಳಿಯುವುದಿಲ್ಲ. ಒಮಾನ್‌ನ ಕೆಳಗಿನ ಲಾವಾ ನಡುಸಾಗರದ್ದನ್ನೇ ಹೋಲುತ್ತದೆ, ಮೇಲಿನದರಲ್ಲಿ ಈ ಗುರುತು ಎದ್ದು ಕಾಣುತ್ತದೆ. ಅದೇ ವಾದಕ್ಕೆ ಎಡೆಮಾಡಿಕೊಟ್ಟದ್ದು.

2014ರಲ್ಲಿ ಜಪಾನ್‌ನ ದಕ್ಷಿಣಕ್ಕೆ, ಬೋನಿನ್ ದ್ವೀಪಗಳ ಬಳಿ ಸಮುದ್ರತಳವನ್ನು ಕೊರೆದು ನೋಡಿದರು. ಅಲ್ಲಿ ಫಲಕ ಜಾರಲು ತೊಡಗಿದ್ದು ಸುಮಾರು 5.2 ಕೋಟಿ ವರ್ಷಗಳ ಹಿಂದೆ. ಮೊದಲು ಉಕ್ಕಿದ್ದು ನಡುಸಾಗರದ್ದನ್ನು ಹೋಲುವ ಲಾವಾ, ಆಮೇಲೆ ನೀರಿನ ಪಾಲು ಹೆಚ್ಚಿದ ಬೋನಿನೈಟ್. ಒಮಾನ್‌ನಲ್ಲೂ ಹೆಚ್ಚುಕಡಿಮೆ ಇದೇ ಕ್ರಮ! ಹಾಗಾಗಿ ಒಮಾನ್‌ನ ಬಂಡೆ ದ್ವೀಪಮಾಲೆಯ ಎಳವೆಯದು ಎನ್ನುವ ಮಾತು ನನಗೆ ಹೆಚ್ಚು ಒಪ್ಪುತ್ತದೆ. 2018ರಲ್ಲಿ ಓಫಿಯೋಲೈಟಿನ ಬುಡದ ಗಾರ್ನೆಟ್ ಹರಳುಗಳ ವಯಸ್ಸು ಸುಮಾರು 10.4 ಕೋಟಿ ವರ್ಷ ಎಂಬ ವರದಿ ಬಂತು. ಅಂದರೆ ಮೇಲಿನ ಲಾವಾ ಉಕ್ಕುವ ಮೊದಲೇ ಅಡಿಯಲ್ಲಿ ಫಲಕ ಜಾರಲು ಆರಂಭಿಸಿತ್ತು. ಎಲ್ಲ ವಿಜ್ಞಾನಿಗಳೂ ಈ ಲೆಕ್ಕವನ್ನು ಒಪ್ಪಿಲ್ಲ.

ಹಾಗಾದರೆ ಒಮಾನ್‌ನಲ್ಲಿ ಜಪಾನಿನಂತಹ ದ್ವೀಪಗಳೇಕಿಲ್ಲ? ಜಾರುತ್ತಿದ್ದ ಫಲಕದ ಹಿಂದೆಯೇ ಅರೇಬಿಯದ ನೆಲವೂ ಎಳೆದುಕೊಂಡು ಬಂತು. ಆದರೆ ಹಗುರವಾದ ಭೂಖಂಡ ಆಳಕ್ಕೆ ಇಳಿಯಲೊಲ್ಲದೆ ಅಲ್ಲೇ ಸಿಕ್ಕಿಕೊಂಡಿತು. ದ್ವೀಪಗಳು ತಲೆ ಎತ್ತುವ ಮೊದಲೇ ಆ ಎಳೆಯ ಸಮುದ್ರತಳ ಅರೇಬಿಯದ ಅಂಚಿನ ಮೇಲೇರಿ ಕುಳಿತಿತು.