ತೇಲಿದರೆ ಸಾಕೇ? ಬೀಜ ಪ್ರಸರಣ ಪಾಠಕ್ಕೆ ನೌಪಾಕದ ಉದಾಹರಣೆ

ನೀರಿನಿಂದ ಬೀಜ ಪ್ರಸರಣ ಎಂದೊಡನೆ ನಾವೆಲ್ಲ ತೆಂಗಿನಕಾಯಿಯನ್ನು ಹೆಸರಿಸುತ್ತೇವೆ. ಮಕ್ಕಳು ಅದನ್ನೇ ಒಪ್ಪಿಸುತ್ತಾರೆ. ಆದರೆ ತೇಲಿದರಷ್ಟೇ ಸಾಲದು, ದಡ ಸೇರಿದ ಬೀಜ ಮೊಳೆಯಬೇಕು. ಇದನ್ನು ಮನದಟ್ಟು ಮಾಡಿಸಲು ಬೋಧನಾಭ್ಯಾಸದ 7ನೇ ತರಗತಿಗೆ ನಾನು ಹವಾಯಿಯ ನೌಪಾಕ ಪೊದೆಯನ್ನು ಆರಿಸಿಕೊಂಡೆ.

ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳು ಹತ್ತಿರದ ಭೂಖಂಡದಿಂದ ಸುಮಾರು 3,700 ಕಿ.ಮೀ. ದೂರದಲ್ಲಿವೆ. ಜ್ವಾಲಾಮುಖಿಗಳಿಂದ ಹುಟ್ಟಿದ ಈ ದ್ವೀಪಗಳು ಎಂದೂ ಭೂಖಂಡಕ್ಕೆ ಸೇರಿರಲಿಲ್ಲ. ಹಾಗಾಗಿ ಅಲ್ಲಿನ ಮೂಲ ಸಸ್ಯಗಳ ಪೂರ್ವಜರು ಗಾಳಿ, ನೀರು ಇಲ್ಲವೇ ಹಕ್ಕಿಗಳ ಮೂಲಕವೇ ಬಂದಿರಬೇಕು.

ಕಡಲತೀರದ ನೌಪಾಕದ (ಸ್ಕೇವೊಲಾ ಟಕ್ಕಾಡಾ) ಬಿಳಿ ಹಣ್ಣಿನೊಳಗೆ ಬೆಂಡಿನಂಥ ಪದರವಿದೆ. ಹಣ್ಣು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ತೇಲಿದರೂ ಬೀಜ ಮೊಳೆಯಬಲ್ಲದು. ಇದೇ ಪೊದೆ ನಮ್ಮ ಲಕ್ಷದ್ವೀಪ, ಅಂಡಮಾನ್ ತೀರಗಳಲ್ಲೂ ಬೆಳೆಯುತ್ತದೆ. ಹವಾಯಿಯ ಬೆಟ್ಟಗಳಲ್ಲಿರುವ ಹಲವು ನೌಪಾಕ ಜಾತಿಗಳದ್ದು ಕಡುನೇರಳೆ ಬಣ್ಣದ, ರಸಭರಿತ ಹಣ್ಣು. ಅದನ್ನು ಹಕ್ಕಿಗಳು ತಿಂದು ಬೀಜ ಹರಡುತ್ತವೆ. ನಮ್ಮ ನೇರಳೆ ಹಣ್ಣನ್ನು ಬಲ್ಲ ಮಕ್ಕಳಿಗೆ ಇದು ಬೇಗ ಅರ್ಥವಾಯಿತು.

ನೌಪಾಕದ ಹೂವು ಅರ್ಧ ಹರಿದಂತೆ ಕಾಣುತ್ತದೆ. ಅಗಲಿದ ಪ್ರೇಮಿಗಳಲ್ಲಿ ಒಬ್ಬರು ಬೆಟ್ಟಕ್ಕೂ ಇನ್ನೊಬ್ಬರು ಕಡಲಿಗೂ ಸೇರಿದರು, ಹೂವು ಎರಡು ಹೋಳಾಯಿತು ಎಂಬ ಕಥೆ ಅಲ್ಲಿದೆ. ಕಥೆ ಮಕ್ಕಳ ಗಮನ ಸೆಳೆಯುತ್ತದೆ, ಆದರೆ ಅಲ್ಲಿಗೇ ನಿಲ್ಲಬಾರದು. ಚಿತ್ರದಲ್ಲಿ ದಳಗಳನ್ನು ಎಣಿಸಿದರೆ ಐದೂ ಸಿಗುತ್ತವೆ. ದಳಕೊಳವೆ ಮೇಲ್ಭಾಗದಲ್ಲಿ ಸೀಳಿರುವುದರಿಂದ ಅವೆಲ್ಲ ಒಂದೇ ಬದಿಗೆ ಹರಡಿರುತ್ತವೆ. ಅಂದರೆ ಅದು ಪೂರ್ಣ ಹೂವೇ.

“ಹಾಗಾದರೆ ತೀರದ ಗಿಡವೇ ಬೆಟ್ಟ ಹತ್ತಿತೇ ಸರ್?” ಎಂದು ಒಬ್ಬ ಹುಡುಗ ಕೇಳಿದ. ಸಹಜವಾದ ಊಹೆ. ಆದರೆ ಡಿಎನ್‌ಎ ಅಧ್ಯಯನದ ಪ್ರಕಾರ ನೌಪಾಕಗಳ ಪೂರ್ವಜರು ಹವಾಯಿಗೆ ಮೂರು ಬಾರಿ ಪ್ರತ್ಯೇಕವಾಗಿ ಬಂದರು. ಬೆಟ್ಟದ ಜಾತಿಗಳು ತೀರದ ಗಿಡದ ಸಂತತಿಯಲ್ಲ.

ಚಟುವಟಿಕೆಗೆ ಡಾರ್ವಿನ್ನನ ಪ್ರಯೋಗವೇ ಮಾದರಿ. ಆತ 87 ಬಗೆಯ ಬೀಜಗಳನ್ನು 28 ದಿನ ಉಪ್ಪುನೀರಿನಲ್ಲಿಟ್ಟಾಗ 64 ಬಗೆಯವು ಮೊಳೆತವು. ನಾವು ಹೊಂಗೆ, ಹುಣಸೆ, ಅವರೆ ಬೀಜಗಳನ್ನು ಒಂದು ವಾರ ಉಪ್ಪುನೀರಿನಲ್ಲಿಟ್ಟು ಬಿತ್ತಬಹುದು. ‘ತೇಲಿತೇ?’, ‘ಮೊಳೆಯಿತೇ?’ ಎಂದು ಎರಡು ಕಲಮುಗಳಲ್ಲಿ ಮಕ್ಕಳು ದಾಖಲಿಸಲಿ. ಮೌಲ್ಯಮಾಪನದ ಪ್ರಶ್ನೆಯೂ ಅಲ್ಲೇ ಇದೆ: ಇವುಗಳಲ್ಲಿ ಯಾವುದು ದೂರದ ದ್ವೀಪ ಸೇರಿ ಬೆಳೆಯಬಲ್ಲದು, ಏಕೆ?