ಹಳೆ ಬೊಲೆರೋ, ಜೀಪು ಡೀಸೆಲ್ ಜಾಸ್ತಿ ಕುಡೀತಿದೆಯಾ? ಎಂಜಿನ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿ

ಸಿರುಗುಪ್ಪ ಕಡೆ ಗೊಬ್ಬರದ ಚೀಲ, ಭತ್ತದ ಬೀಜ. ಕುರುಗೋಡು ಕಡೆ ಒಣಮೆಣಸಿನಕಾಯಿ ಮೂಟೆ. ಬಳ್ಳಾರಿಗೆ ಹೋದರೆ ಪಂಪ್‌ಸೆಟ್ ಸಾಮಾನು, ಔಷಧಿ, ಆಸ್ಪತ್ರೆ ಕೆಲಸ. ಇಷ್ಟಕ್ಕೂ ಮನೆ ಮುಂದೆ ನಿಂತಿರೋದು ಹತ್ತು-ಹದಿನೈದು ವರ್ಷದ ಬೊಲೆರೋ, ಇಲ್ಲಾ ಅಪ್ಪನ ಕಾಲದ ಕಮಾಂಡರ್ ಜೀಪು. ಗಾಡಿ ಗಟ್ಟಿಯಾಗೇ ಇದೆ. ಆದರೆ 'ಮೊದಲು ಹನ್ನೊಂದು ಕೊಡ್ತಿತ್ತು, ಈಗ ಒಂಬತ್ತೂ ಕಷ್ಟ, ಎಳೆಯೋದೂ ಕಮ್ಮಿಯಾಗಿದೆ' ಎನ್ನುವ ಮಾತು ಎಲ್ಲ ಊರಲ್ಲೂ ಇದೆ.

ಈ ಎರಡು ಕಿಲೋಮೀಟರ್ ಸಣ್ಣದಲ್ಲ. ತಿಂಗಳಿಗೆ 1,500 ಕಿ.ಮೀ. ಓಡುವ ಗಾಡಿ ಲೀಟರ್‌ಗೆ 9 ಕೊಟ್ಟರೆ ಸುಮಾರು 167 ಲೀಟರ್ ಡೀಸೆಲ್ ಬೇಕು. 11 ಕೊಟ್ಟರೆ 136 ಲೀಟರ್ ಸಾಕು. ಲೀಟರ್‌ಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ ಸುಮಾರು 2,700, ವರ್ಷಕ್ಕೆ 32,000 ರೂಪಾಯಿ ಮೀರುತ್ತದೆ. ಹಾಗಂತ ನೇರ ಎಂಜಿನ್ ಕೆಲಸಕ್ಕೆ ಇಳಿಯಬೇಡಿ. ಖರ್ಚು ಕಡಿಮೆ ಇರುವ ಕಡೆಯಿಂದ ಶುರು ಮಾಡಿ.

1. ಮೊದಲು ಸರಿಯಾದ ಲೆಕ್ಕ

500 ರೂಪಾಯಿ, 1,000 ರೂಪಾಯಿ ಲೆಕ್ಕದಲ್ಲಿ ಹಾಕಿಸುತ್ತಾ ಹೋದರೆ ಮೈಲೇಜ್ ಎಂದೂ ಗೊತ್ತಾಗುವುದಿಲ್ಲ. ಬಂಕ್‌ನಲ್ಲಿ ಗನ್ ತಾನೇ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ರೀಡಿಂಗ್ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. 300-400 ಕಿ.ಮೀ. ಓಡಿಸಿ. ಅದೇ ಬಂಕ್, ಆದರೆ ಅದೇ ಪಂಪಿನಲ್ಲಿ, ಮತ್ತೆ ಗನ್ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿಸಿದ ಲೀಟರ್‌ನಿಂದ ಭಾಗಿಸಿ. ಹೀಗೆ ಎರಡು-ಮೂರು ಸಲ ಮಾಡಿದರೆ ನಂಬುವಂಥ ಅಂಕಿ ಸಿಗುತ್ತದೆ. ಕಂಪನಿ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ್ದರೆ ಮೀಟರ್ ನಿಜಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುತ್ತದೆ. ಅದು ನೆನಪಿರಲಿ.

2. ಗಾಳಿ ಮತ್ತು ಚಕ್ರ

ಎರೆ ಹೊಲದ ದಾರಿಗೆ ಅಂತ ಗಾಳಿ ಇಳಿಸಿದವರು ಟಾರ್ ರೋಡಿಗೆ ಬಂದ ಮೇಲೆ ಮತ್ತೆ ತುಂಬಿಸೋದು ಮರೀತಾರೆ. ನಾಲ್ಕೂ ಚಕ್ರದಲ್ಲಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು 0.2% ಇಳಿಯುತ್ತದೆ ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಹತ್ತು ಪಿಎಸ್‌ಐ ಇಳಿದಿದ್ದರೆ 2% ಹೋಯಿತು. ಜೊತೆಗೆ ಟೈರ್ ಅಂಚು ಸವೆಯುತ್ತದೆ, ಬೇಸಿಗೆಯಲ್ಲಿ ಲೋಡ್ ಹಾಕಿ ಓಡಿಸಿದರೆ ಸಿಡಿಯುವ ಭಯ ಬೇರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಇದಕ್ಕಿಂತ ದೊಡ್ಡ ಕಳ್ಳ ಹಿಡಿದುಕೊಂಡ ಬ್ರೇಕ್. ಕೆಸರುಗದ್ದೆ ಹತ್ತಿರ ಓಡಾಡುವ ಗಾಡಿಯ ಡ್ರಮ್‌ನೊಳಗೆ ಮಣ್ಣು ಸೇರಿ ಲೈನರ್ ಪೂರ್ತಿ ಬಿಡುವುದಿಲ್ಲ. ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದರೂ ಅದೇ ಕಥೆ. ಇಪ್ಪತ್ತು ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಅಥವಾ ಬೇರಿಂಗ್ ತೊಂದರೆ ಇದೆ. ಮೇಸ್ತ್ರಿ ಹತ್ತಿರ ಚಕ್ರ ಎತ್ತಿ ತಿರುಗಿಸಿ ಖಚಿತಪಡಿಸಿಕೊಳ್ಳಿ.

3. ನಮ್ಮ ಧೂಳು, ನಮ್ಮ ಫಿಲ್ಟರ್

ಅದಿರು ಲಾರಿ ಓಡಾಡುವ ರಸ್ತೆ, ಭತ್ತ ಕಟಾವಿನ ಹೊಟ್ಟು, ಎರೆ ಮಣ್ಣಿನ ಪುಡಿ ಎಲ್ಲ ಸೇರಿ ನಮ್ಮ ಜಿಲ್ಲೆಯಲ್ಲಿ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ವರೆಗೆ ಕಾಯಬೇಡಿ. ಹಳೆ ಡೀಸೆಲ್ ಎಂಜಿನ್‌ನ ಪಂಪಿಗೆ ಒಳಗೆ ಎಷ್ಟು ಗಾಳಿ ಬಂತು ಎಂದು ಗೊತ್ತಾಗುವುದಿಲ್ಲ. ನೀವು ಆಕ್ಸಿಲರೇಟರ್ ಒತ್ತಿದಷ್ಟು ಡೀಸೆಲ್ ಕಳಿಸುತ್ತದೆ. ಗಾಳಿ ಸಾಲದಿದ್ದರೆ ಅದು ಪೂರ್ತಿ ಸುಡದೆ ಕಪ್ಪು ಹೊಗೆಯಾಗಿ ಹೊರಗೆ ಹೋಗುತ್ತದೆ. ದುಡ್ಡೂ ಅದರ ಜೊತೆಗೇ ಹೋಯಿತು.

ಪೇಪರ್ ಫಿಲ್ಟರ್ ಆದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ಗಾಳಿ ಹೊಡೆಯಿರಿ. ಒಳಗೆ ಫೋನಿನ ಟಾರ್ಚ್ ಹಿಡಿದಾಗ ಬೆಳಕು ಮಂಕಾಗಿದ್ದರೆ ಹೊಸದು ಹಾಕಿಸಿ. ಎಲ್ಲಾದರೂ ತೂತು ಕಂಡರಂತೂ ತಡ ಬೇಡ. ಹಳೆ ಜೀಪಿನ ಆಯಿಲ್ ತುಂಬುವ ಫಿಲ್ಟರ್ ಆದರೆ ಕೆಸರಾದ ಆಯಿಲ್ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿ. 'ಪಿಕಪ್ ಬರುತ್ತೆ' ಅಂತ ಫಿಲ್ಟರ್ ತೆಗೆದು ಓಡಿಸಬೇಡಿ. ಒಳಗೆ ಹೋದ ಧೂಳು ಲೈನರ್, ಪಿಸ್ಟನ್ ರಿಂಗ್ ತಿಂದುಬಿಡುತ್ತದೆ.

ಕ್ಯಾನ್, ಡ್ರಮ್‌ನಲ್ಲಿ ಡೀಸೆಲ್ ತಂದು ಟ್ರ್ಯಾಕ್ಟರಿಗೂ ಗಾಡಿಗೂ ಹಾಕುವವರು ಜಾಲರಿ ಇರುವ ಲಾಳಿಕೆಯಲ್ಲಿ ಸೋಸಿಯೇ ಹಾಕಬೇಕು. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ಆಗಾಗ ನೀರು ಇಳಿಸಿ. ನೀರು ಪಂಪಿಗೂ ನಾಜಲ್‌ಗೂ ಶತ್ರು.

4. ಹೊಗೆ ನೋಡಿ ಕಾಯಿಲೆ ಹಿಡಿಯಿರಿ

- ಕಪ್ಪು ಹೊಗೆ: ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ಫಿಲ್ಟರ್, ಟರ್ಬೋ ಪೈಪಿನ ಸೀಳು, ನಾಜಲ್ ನೋಡಿಸಿ.
- ಬಿಳಿ ಹೊಗೆ: ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಟೈಮಿಂಗ್, ನಾಜಲ್ ಅಥವಾ ಕಂಪ್ರೆಷನ್ ತೊಂದರೆ. ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ.
- ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ.

ನಾಜಲ್ ಒತ್ತಡ ಪರೀಕ್ಷೆ ಮತ್ತು ಪಂಪ್ ಸೆಟ್ಟಿಂಗ್ ಎರಡೂ ಅಳತೆ ಮಷಿನ್ ಇರುವ ಅಂಗಡಿಯಲ್ಲೇ ಆಗಬೇಕು. ರಸ್ತೆ ಪಕ್ಕ ನಿಂತು ಪಂಪಿನ ತಿರುಪು ತಿರುಗಿಸಿ 'ನೋಡು, ಹೆಂಗೆ ಎಳೀತದೆ' ಅನ್ನೋರ ಮಾತು ನಂಬಬೇಡಿ. ಎಳೆಯುವುದು ನಿಜ, ಡೀಸೆಲ್ ಜಾಸ್ತಿ ಬಿಟ್ಟಿರುತ್ತಾರೆ. ಮೈಲೇಜ್ ಬೀಳುತ್ತದೆ, ಎಂಜಿನ್ ಕಾಯುತ್ತದೆ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೀರಿ. ಕೆಲಸಕ್ಕೆ ಮುಂಚೆ ಮತ್ತು ನಂತರದ ಹೊಗೆ ಪರೀಕ್ಷೆ ಚೀಟಿ ಹೋಲಿಸಿ ನೋಡುವುದು ಒಳ್ಳೆ ಉಪಾಯ.

5. ಥರ್ಮೋಸ್ಟಾಟ್ ತೆಗೆಸಿದ್ದೀರಾ?

ಬಿಸಿಲಿಗೆ ಗಾಡಿ ಕಾಯುತ್ತದೆ ಅಂತ ಥರ್ಮೋಸ್ಟಾಟನ್ನೇ ಕಿತ್ತು ಹಾಕುವ ಚಾಳಿ ಇದೆ. ಆಗ ಎಂಜಿನ್ ಬೇಕಾದಷ್ಟು ಬಿಸಿಗೆ ಬರಲು ತುಂಬಾ ಹೊತ್ತು ಹಿಡಿಯುತ್ತದೆ. ಊರಿಂದ ಹೊಲಕ್ಕೆ ಐದಾರು ಕಿ.ಮೀ. ಓಡುವ ಗಾಡಿಯಂತೂ ದಿನವೆಲ್ಲ ತಣ್ಣಗೇ ಓಡುತ್ತದೆ. ಡೀಸೆಲ್ ಸರಿಯಾಗಿ ಸುಡುವುದಿಲ್ಲ, ಸವೆತವೂ ಜಾಸ್ತಿ. ಕಾಯುವುದಕ್ಕೆ ನಿಜ ಕಾರಣ ಬಹಳ ಸಲ ರೇಡಿಯೇಟರ್ ಸಂದಿಯಲ್ಲಿ ಕೂತ ಹೊಟ್ಟು, ಸಡಿಲ ಬೆಲ್ಟ್ ಅಥವಾ ಕೆಟ್ಟ ಫ್ಯಾನ್. ಎಂಜಿನ್ ತಣ್ಣಗಾದ ಮೇಲೆ ಒಳಗಡೆಯಿಂದ ಹೊರಕ್ಕೆ ನಿಧಾನ ನೀರು ಬಿಟ್ಟು ತೊಳೆಯಿರಿ, ಥರ್ಮೋಸ್ಟಾಟ್ ವಾಪಸ್ ಹಾಕಿಸಿ.

6. ಫೋರ್ ವ್ಹೀಲ್, ಲೋಡ್, ಸ್ಪೀಡ್

ಫೋರ್ ವ್ಹೀಲ್ ಗಾಡಿಯವರು ಕೆಸರು ದಾಟಿದ ಕೂಡಲೇ ಟೂ ವ್ಹೀಲ್‌ಗೆ ಬನ್ನಿ. ಹಳೆ ಜೀಪಿನಲ್ಲಿ ಮುಂದಿನ ಚಕ್ರದ ಹಬ್ ಲಾಕ್ ಇದ್ದರೆ ಅದನ್ನೂ ಬಿಡಿಸಿ. ಒಣ ಟಾರ್ ರೋಡಿನಲ್ಲಿ ಫೋರ್ ವ್ಹೀಲ್ ಓಡಿಸಿದರೆ ತಿರುವಿನಲ್ಲಿ ಹಿಂದೆ-ಮುಂದಿನ ಚಕ್ರ ಒಂದಕ್ಕೊಂದು ಜಗ್ಗಾಡಿ ಡೀಸೆಲ್ಲೂ ಗೇರೂ ಹಾಳು.

ಸಿರುಗುಪ್ಪ-ಬಳ್ಳಾರಿ ಹೆದ್ದಾರಿಯಲ್ಲಿ 90ರಲ್ಲಿ ಹೋಗುವ ಆಸೆ ಬಿಡಿ. ಡಬ್ಬದ ಆಕಾರದ ಗಾಡಿಗೆ 60ಕ್ಕಿಂತ 90ರಲ್ಲಿ ಗಾಳಿಯ ತಡೆ ಎರಡೂಕಾಲು ಪಟ್ಟು. ಬೇಡದಿದ್ದಾಗ ಮೇಲಿನ ಕ್ಯಾರಿಯರ್ ಬಿಚ್ಚಿಡಿ. ಹಿಂದೆ ಬಿದ್ದಿರುವ ಹಳೆ ಮೋಟಾರ್, ಸರಪಳಿ ಇಳಿಸಿ.

ದುಡ್ಡು ಎಲ್ಲಿ ಹಾಕಬಾರದು

ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮೈಲೇಜ್ ಗುಳಿಗೆ, ನೀರಿನಿಂದ ಗ್ಯಾಸ್ ಮಾಡುವ ಕಿಟ್ ಇವೆಲ್ಲ ವಿಡಿಯೋದಲ್ಲಿ ಮಾತ್ರ ಚಂದ. ಸೀಮೆಎಣ್ಣೆ ಬೆರೆಸಿದರೆ ಪಂಪಿಗೆ ಜಿಡ್ಡು ಸಾಲದೆ ಅದೇ ಸವೆಯುತ್ತದೆ.

ಎಂಜಿನ್ ಬಿಚ್ಚುವುದು ಯಾವಾಗ?

ಮೇಲಿನದ್ದೆಲ್ಲ ಆದ ಮೇಲೂ ನೀಲಿ ಹೊಗೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಜೋರಾಗಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಕಷ್ಟ ಇದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಆ ಅಂಕಿ ಕೈಯಲ್ಲಿ ಇಟ್ಟುಕೊಂಡೇ ಮಾತಾಡಿ. ಖರ್ಚಿನ ಅಂದಾಜನ್ನು ತಿಂಗಳ ಉಳಿತಾಯದಿಂದ ಭಾಗಿಸಿದರೆ ಎಷ್ಟು ತಿಂಗಳಿಗೆ ದುಡ್ಡು ವಾಪಸ್ ಬರುತ್ತದೆ ಎಂದು ಗೊತ್ತಾಗುತ್ತದೆ. ಆರ್‌ಸಿಯ 15 ವರ್ಷ ಮುಗಿಯುತ್ತಾ ಬಂದಿದ್ದರೆ ನವೀಕರಣ, ಫಿಟ್ನೆಸ್ ಖರ್ಚನ್ನೂ ಸೇರಿಸಿ ನೋಡಿ. ಆಗ ಮಾರಬೇಕೋ, ಮಾಡಿಸಬೇಕೋ ಎಂಬುದನ್ನು ಮೇಸ್ತ್ರಿ ಅಲ್ಲ, ನಿಮ್ಮ ಲೆಕ್ಕವೇ ಹೇಳುತ್ತದೆ.

ಈ ವಾರ ಮೂರೇ ಕೆಲಸ ಮಾಡಿ: ಟ್ಯಾಂಕ್ ತುಂಬಿಸಿ ಫೋಟೋ, ನಾಲ್ಕೂ ಚಕ್ರಕ್ಕೆ ಗಾಳಿ, ಏರ್ ಫಿಲ್ಟರ್ ತಪಾಸಣೆ. ಬದಲಾವಣೆ ಒಂದೊಂದಾಗಿ ಮಾಡಿ, ಪ್ರತಿ ಸಲ ಮೈಲೇಜ್ ಬರೆದಿಡಿ. ಯಾವುದರಿಂದ ಎಷ್ಟು ಬಂತು ಎಂದು ಆಗಲೇ ಗೊತ್ತಾಗುವುದು.