ಬಳ್ಳಿ ಚಪ್ಪರ ತುಂಬಾ, ದ್ರಾಕ್ಷಿ ಒಂದೂ ಇಲ್ಲ: ಕಾರಣ ಗೊಬ್ಬರ ಅಲ್ಲ, ನೆರಳು

ಶಹಾಬಾದ: ಮನೆ ಅಂಗಳದಾಗ ದ್ರಾಕ್ಷಿ ಹಚ್ಚಿದವರದ್ದು ಒಂದೇ ದೂರು: 'ಬಳ್ಳಿ ಛಲೋ ಹಬ್ಯಾದ, ಆದ್ರ ಕಾಯಿ ಇಲ್ಲ'. ಗೊಬ್ಬರ ಹಾಕಿ, ನೀರು ಬಿಟ್ಟು, ಬ್ಯಾಸತ್ತು ಬಳ್ಳಿಯನ್ನೇ ಕಡಿದು ಹಾಕುವವರೂ ಇದ್ದಾರೆ. ಕಡಿಯುವ ಮೊದಲು ಒಮ್ಮೆ ಮಧ್ಯಾಹ್ನ ಚಪ್ಪರದ ಕೆಳಗೆ ನಿಂತು ನೋಡಿ. ಕೆಳಗಿನ ಫರಸಿ ಮೇಲೆ ಬಿಸಿಲಿನ ಚುಕ್ಕಿ ಬೀಳದೆ ಪೂರ್ತಿ ನೆರಳಿದ್ದರೆ ಸಮಸ್ಯೆ ಅಲ್ಲೇ ಇರಬಹುದು.

ಎಲೆ ಮೇಲೆ ಎಲೆ ಬಿದ್ದರೆ

ದ್ರಾಕ್ಷಿ ಎಲೆ ತನಗೆ ಬೇಕಾದ ಬೆಳಕಿನಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ತಾನೇ ಹೀರುತ್ತದೆ. ಅದರ ಕೆಳಗಿನ ಎಲೆಗೆ ಸಿಗುವುದು ಚೂರು, ಮೂರನೆಯದಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ.

ವಿಜಯಪುರದ ತಿಕೋಟಾ, ಬಬಲೇಶ್ವರ ಕಡೆಯ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ, ಅಂದ್ರೆ ಬಳ್ಳಿ ಕತ್ತರಿಸುತ್ತಾರೆ. ಏಪ್ರಿಲ್‌ದ್ದು ಕಡ್ಡಿಗಾಗಿ, ಅಕ್ಟೋಬರ್‌ದ್ದು ಹಣ್ಣಿಗಾಗಿ. ಅಕ್ಟೋಬರ್ ನಂತರ ಕಾಣುವ ಗೊನೆ ಆಗ ಹುಟ್ಟಿದ್ದಲ್ಲ. ಏಪ್ರಿಲ್ ಚಾಟನಿಯಾದ ಒಂದೂವರೆ-ಎರಡು ತಿಂಗಳಲ್ಲಿ ಕಡ್ಡಿಯ ಕಣ್ಣಿನೊಳಗೇ ಅದು ತಯಾರಾಗಿರುತ್ತದೆ. ಆ ಹೊತ್ತಿಗೆ ಕಡ್ಡಿಗೆ ಬಿಸಿಲು ಬೀಳದಿದ್ದರೆ ಕಣ್ಣು ಗೊನೆ ಬಿಡುವುದಿಲ್ಲ, ಬರೀ ಬಳ್ಳಿ ಬಿಡುತ್ತದೆ.

ದಟ್ಟ ನೆರಳಿನಲ್ಲಿ ಕಾಯಿ ಬಂದರೂ ಸಿಹಿ ಕಮ್ಮಿ, ಹುಳಿ ಜಾಸ್ತಿ. ಗಾಳಿ ಆಡದೆ ಬೂದಿ ರೋಗವೂ ಬರುತ್ತದೆ.

ಬಿಸಿಲು ಎಲೆಗೆ, ನೆರಳು ಗೊನೆಗೆ

ಹಾಗಂತ ಎಲೆ ಎಲ್ಲಾ ಕಿತ್ತರೆ ಅದೂ ನಷ್ಟ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. 35 ದಾಟಿದರೆ ಎಲೆಯ ಕೆಲಸವೇ ನಿಧಾನ. ನೇರ ಬಿಸಿಲಿಗೆ ಬಿದ್ದ ಕಾಯಿ ಕಂದಾಗಿ ಸುಡುತ್ತದೆ. ಕಲ್ಲಿನ ಗೋಡೆ ಪಕ್ಕದ ಬಳ್ಳಿಗೆ ಪಡುವಣ ಬಿಸಿಲಿನ ಕಾವು ಇನ್ನೂ ಹೆಚ್ಚು. ಅದಕ್ಕೇ ಕೆಲವು ತೋಟಗಳಲ್ಲಿ ಗೊನೆಗೆ ಹಳೇ ಪೇಪರ್ ಸುತ್ತುತ್ತಾರೆ. ಒಂದು ಗೊನೆ ಸಾಕಲು 10ರಿಂದ 15 ಒಳ್ಳೇ ಎಲೆ ಬೇಕು.

ಅಂಗಡಿಯವರಿಗೂ ಇದೇ ಲೆಕ್ಕ

ನೀವು ಮಾರುವ ಹಸಿರು ಮಣೂಕ ನೆರಳಿನ ಮಾಲು. ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಲ್ಲಿ ಅದ್ದಿ, ನೆರಳು ಪರದೆಯ ಶೆಡ್‌ನಲ್ಲಿ ಎರಡು-ಮೂರು ವಾರ ಒಣಗಿಸುತ್ತಾರೆ. ಅದೇ ದ್ರಾಕ್ಷಿಯನ್ನು ನೇರ ಬಿಸಿಲಿಗೆ ಹಾಕಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದು ಇದ್ದ ಮಾತ್ರಕ್ಕೆ ಹಳೇ ಮಾಲು ಅಲ್ಲ, ಗಿರಾಕಿ ಕೇಳಿದರೆ ಹೇಳಬಹುದು. ಸುಮಾರು 4 ಕೆ.ಜಿ. ದ್ರಾಕ್ಷಿ ಒಣಗಿದರೆ 1 ಕೆ.ಜಿ. ಮಣೂಕ.

ಮನೆಯವರು ಏನು ಮಾಡಬೇಕು?

ಏಪ್ರಿಲ್‌ನಲ್ಲಿ ಹಳೇ ಕಡ್ಡಿಗಳನ್ನು ಒಂದೆರಡು ಕಣ್ಣು ಬಿಟ್ಟು ಕತ್ತರಿಸಿ, ನೀರು ತಪ್ಪಿಸಬೇಡಿ. ಹೊಸ ಚಿಗುರು ಒತ್ತೊತ್ತಾಗಿ ಬಂದರೆ ಸೊರಗಿದ್ದನ್ನು ತೆಗೆದು, ಉಳಿದದ್ದನ್ನು ಚಪ್ಪರದ ಮೇಲೆ ಬಿಡಿಬಿಡಿಯಾಗಿ ಕಟ್ಟಿ. ಎಲೆ ಮೇಲೆ ಧೂಳು ಕೂತಿದ್ದರೆ ಬೆಳಗ್ಗೆ ನೀರು ಹೊಡೆದು ತೊಳೆಯಿರಿ, ಧೂಳೂ ಬೆಳಕು ತಡೆಯುತ್ತದೆ. ಅಕ್ಟೋಬರ್‌ನಲ್ಲಿ ಕಡ್ಡಿಯ ತುದಿ ಕತ್ತರಿಸಿ, ಆದರೆ ಬುಡದವರೆಗೆ ಅಲ್ಲ.

ಕೊಡಲಿ ಬ್ಯಾಡ, ಕತ್ತರಿ ಸಾಕು. ಫರಸಿ ಮೇಲೆ ಬಿಸಿಲಿನ ಚುಕ್ಕಿ ಕಂಡರೆ ಮುಂದಿನ ಸಲ ಗೊನೆ ಕಾಣುವ ಆಸೆ ಇಟ್ಟುಕೊಳ್ಳಬಹುದು.